ಇಪ್ಪತ್ತು ಅಕ್ಷರಗಳ ಲಿಪಿ: ಪ್ರೋಟೀನುಗಳ ಮನೆತನ ಹುಡುಕುವ ಗಣಕಯಂತ್ರ

ಪ್ರೋಟೀನು ಎಂದೊಡನೆ ನಮಗೆ ನೆನಪಾಗುವುದು ಬೇಳೆ, ಮೊಟ್ಟೆ, ಹಾಲು, ಮೀನು. "ಬೇಳೆ ಬಿಡಬೇಡ, ತಿನ್ನು, ಅದರಲ್ಲಿ ಪ್ರೋಟೀನಿದೆ" ಎಂದು ಎಲ್ಲ ಮನೆಗಳಲ್ಲೂ ಮಕ್ಕಳಿಗೆ ಹೇಳುತ್ತೇವೆ. ಆದರೆ ಪ್ರೋಟೀನು ಬರೀ ಆಹಾರವಲ್ಲ. ಅದು ನಮ್ಮ ಪ್ರತಿಯೊಂದು ಜೀವಕೋಶದಲ್ಲೂ ಹಗಲಿರುಳು ದುಡಿಯುವ ಕೆಲಸಗಾರ. ನಾವು ಉಸಿರಾಡಿದ ಗಾಳಿಯ ಆಮ್ಲಜನಕವನ್ನು ಹೊತ್ತು ತಿರುಗುವುದು ಹಿಮೋಗ್ಲೋಬಿನ್ ಎಂಬ ಪ್ರೋಟೀನು. ಊಟವಾದ ಮೇಲೆ ರಕ್ತದಲ್ಲಿನ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಇನ್ಸುಲಿನ್ ಎಂಬ ಪ್ರೋಟೀನು. ತಿಂದದ್ದನ್ನು ಅರಗಿಸುವ ಟ್ರಿಪ್ಸಿನ್ ಕೂಡ ಪ್ರೋಟೀನೇ. ನಮ್ಮ ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಕೂಡ ಅದೇ.

ಈ ಕೆಲಸಗಾರರಿಗೂ ನಮ್ಮ ಹಾಗೆ ಮನೆತನಗಳಿವೆ, ದಾಯಾದಿಗಳಿದ್ದಾರೆ, ದೂರದ ನೆಂಟರಿದ್ದಾರೆ. ಒಂದು ಹೊಸ ಪ್ರೋಟೀನು ಯಾವ ಮನೆತನಕ್ಕೆ ಸೇರಿದ್ದು ಎಂದು ತಿಳಿದರೆ ಅದು ಏನು ಕೆಲಸ ಮಾಡುತ್ತದೆ, ಎಲ್ಲಿ ಕೆಟ್ಟರೆ ಯಾವ ರೋಗ ಬರಬಹುದು ಎಂದು ಊಹಿಸಲು ದಾರಿಯಾಗುತ್ತದೆ. ಗಣಕಯಂತ್ರ ಈ ನೆಂಟಸ್ತಿಕೆಯನ್ನು ಹೇಗೆ ಪತ್ತೆ ಹಚ್ಚುತ್ತದೆ, ಅದರ ಮಾತನ್ನು ಎಲ್ಲಿಯವರೆಗೆ ನಂಬಬೇಕು, ಇದರಿಂದ ನಮ್ಮ ಮನೆಗಳಿಗೆ ಏನು ಪ್ರಯೋಜನ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ನಮ್ಮ ಶಾಲಾ ಸಂಚಿಕೆಯಲ್ಲಿ ಹಲವು ಭಾಷೆಗಳ ಪುಟಗಳು ಒಟ್ಟಿಗೆ ಬರುವುದರಿಂದ ಆ ಭಾಷೆಗಳನ್ನೇ ಉದಾಹರಣೆಯಾಗಿ ಬಳಸಿಕೊಂಡಿದ್ದೇವೆ.

ಮಣಿಸರ ಮತ್ತು ಅದರ ಅಕ್ಷರಗಳು

ಪ್ರೋಟೀನು ಒಂದು ಮಣಿಸರದಂತೆ. ಅದರ ಮಣಿಗಳಿಗೆ ಅಮೈನೋ ಆಮ್ಲಗಳೆಂದು ಹೆಸರು. ಸಾಮಾನ್ಯವಾಗಿ ಇಪ್ಪತ್ತು ಬಗೆಯ ಮಣಿಗಳಿವೆ. ಯಾವ ಮಣಿಯ ಪಕ್ಕದಲ್ಲಿ ಯಾವ ಮಣಿ ಬರಬೇಕೆಂಬುದನ್ನು ನಮ್ಮ ವಂಶವಾಹಿಗಳು ನಿರ್ಧರಿಸುತ್ತವೆ. ಕನ್ನಡದ ವರ್ಣಮಾಲೆಯಲ್ಲಿ ನಲವತ್ತೊಂಬತ್ತು ಅಕ್ಷರಗಳಿದ್ದರೆ ಪ್ರೋಟೀನುಗಳ ವರ್ಣಮಾಲೆಯಲ್ಲಿ ಇಪ್ಪತ್ತೇ. ಆದರೂ ನೂರು ಮಣಿಗಳ ಸರಗಳನ್ನು ಎಷ್ಟು ಬಗೆಯಲ್ಲಿ ಪೋಣಿಸಬಹುದು ಗೊತ್ತೇ? 1ರ ಮುಂದೆ 130 ಸೊನ್ನೆಗಳನ್ನು ಬರೆದರೆ ಬರುವಷ್ಟು! ಪ್ರಕೃತಿ ಇವುಗಳಲ್ಲಿ ಬಳಸಿಕೊಂಡಿರುವುದು ಅತ್ಯಲ್ಪ ಪಾಲನ್ನು ಮಾತ್ರ.

ಒಂದು ಪ್ರೋಟೀನಿನ ಮಣಿಗಳ ಕ್ರಮವನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದವರು ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್. ಅವರು ಆರಿಸಿಕೊಂಡದ್ದು ಇನ್ಸುಲಿನ್. ಅದರಲ್ಲಿರುವುದು 21 ಮತ್ತು 30 ಮಣಿಗಳ ಎರಡು ಸರಗಳು, ಒಟ್ಟು 51 ಮಣಿಗಳು. ಇಷ್ಟನ್ನು ಓದಲು ಸುಮಾರು ಹತ್ತು ವರ್ಷಗಳ ದುಡಿಮೆ ಬೇಕಾಯಿತು. 1955ರಲ್ಲಿ ಕೆಲಸ ಮುಗಿಯಿತು, 1958ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಆಮೇಲೆ ಬೇರೆ ಬೇರೆ ಪ್ರಯೋಗಶಾಲೆಗಳಿಂದ ಹೊಸ ಹೊಸ ಸರಗಳು ಪ್ರಕಟವಾಗತೊಡಗಿದವು. ಇವನ್ನೆಲ್ಲ ಒಂದೆಡೆ ಕಲೆಹಾಕಿದವರು ಅಮೆರಿಕದ ಮಾರ್ಗರೆಟ್ ಡೇಹಾಫ್ ಎಂಬ ವಿಜ್ಞಾನಿ. 1965ರಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ಹೊರತಂದ ಮೊದಲ ಸಂಕಲನದಲ್ಲಿ 65 ಪ್ರೋಟೀನುಗಳಿದ್ದವು. ಆ ಕಾಲದ ಗಣಕಯಂತ್ರಗಳ ನೆನಪಿನ ಶಕ್ತಿ ಬಹಳ ಕಡಿಮೆ. ಒಂದೊಂದು ಅಮೈನೋ ಆಮ್ಲಕ್ಕೆ ಮೂರು ಅಕ್ಷರಗಳ ಹೆಸರು ಬರೆದರೆ ಜಾಗ ವ್ಯರ್ಥವಾಗುತ್ತದೆಂದು ಅವರು ಪ್ರತಿಯೊಂದಕ್ಕೂ ಒಂದೇ ಅಕ್ಷರದ ಸಂಕೇತ ಕೊಟ್ಟರು. ಜಗತ್ತಿನ ವಿಜ್ಞಾನಿಗಳೆಲ್ಲ ಇಂದಿಗೂ ಆ ಸಂಕೇತಗಳನ್ನೇ ಬಳಸುತ್ತಾರೆ. ಜೀವಶಾಸ್ತ್ರ ಹೀಗೆ ಗಣಕಯಂತ್ರ ಓದಬಲ್ಲ ಲಿಪಿಗೆ ಇಳಿಯಿತು.

ಹುಲಿ, ಪುಲಿ, ಪಿಲಿ

ಈಗ ನಮ್ಮ ತರಗತಿಯ ಭಾಷೆಗಳಿಗೆ ಬರೋಣ. ಕನ್ನಡದಲ್ಲಿ ಹುಲಿ. ತಮಿಳು, ಮಲಯಾಳ, ತೆಲುಗುಗಳಲ್ಲಿ ಪುಲಿ. ತುಳುವಿನಲ್ಲಿ ಪಿಲಿ. ನಮ್ಮ ಹಳಗನ್ನಡದಲ್ಲಿಯೂ ಅದು ಪುಲಿಯೇ ಆಗಿತ್ತು. ಈ ಪದಗಳನ್ನು ಒಂದರ ಕೆಳಗೊಂದು ಬರೆದರೆ ಇವು ಒಂದೇ ಮನೆಯವು ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೊದಲ ಅಕ್ಷರ ಅಲ್ಲಲ್ಲಿ ಬದಲಾಗಿದೆ, ಆದರೆ ಎರಡನೆಯ 'ಲಿ' ಎಲ್ಲೆಡೆಯೂ ಹಾಗೇ ಉಳಿದಿದೆ.

ಹೆಸರು ಎಂಬ ಪದವನ್ನು ನೋಡಿ. ತಮಿಳಿನಲ್ಲಿ ಪೆಯರ್, ಮಲಯಾಳದಲ್ಲಿ ಪೇರ್, ತೆಲುಗಿನಲ್ಲಿ ಪೇರು. ಇಲ್ಲಿ ಕನ್ನಡದ 'ಸ' ಮತ್ತು ತಮಿಳಿನ 'ಯ' ಒಂದೇ ಜಾಗದಲ್ಲಿವೆ. ಮಲಯಾಳದಲ್ಲಿ ಆ ನಡುವಿನ ಅಕ್ಷರವೇ ಇಲ್ಲ. ಆದ್ದರಿಂದ ಪೇರ್ ಎಂಬುದನ್ನು ಜೋಡಿಸುವಾಗ ನಡುವೆ ಒಂದು ಖಾಲಿ ಜಾಗ ಬಿಡಬೇಕು. ಆಗ ಮಾತ್ರ ಕೊನೆಯ 'ರ' ಉಳಿದ 'ರ'ಗಳ ಕೆಳಗೆ ಸರಿಯಾಗಿ ಕೂರುತ್ತದೆ.

ಪ್ರೋಟೀನುಗಳಲ್ಲೂ ಹೀಗೇ. ಹಿಮೋಗ್ಲೋಬಿನ್‌ನಲ್ಲಿ ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ಸರಗಳಿವೆ. ಆಲ್ಫಾದಲ್ಲಿ 141 ಮಣಿಗಳು, ಬೀಟಾದಲ್ಲಿ 146. ಇವುಗಳ ಮೊದಲ ಭಾಗವನ್ನು ಜೋಡಿಸಿ ನಿಲ್ಲಿಸೋಣ.

ಬೀಟಾ: ವ್ಯಾಲಿನ್ – ಹಿಸ್ಟಿಡಿನ್ – ಲ್ಯೂಸಿನ್ – ಥ್ರಿಯೋನಿನ್ – ಪ್ರೋಲಿನ್ – ಗ್ಲುಟಾಮಿಕ್ ಆಮ್ಲ – ಗ್ಲುಟಾಮಿಕ್ ಆಮ್ಲ – ಲೈಸಿನ್

ಆಲ್ಫಾ: ವ್ಯಾಲಿನ್ – (ಖಾಲಿ) – ಲ್ಯೂಸಿನ್ – ಸೆರಿನ್ – ಪ್ರೋಲಿನ್ – ಅಲನಿನ್ – ಆಸ್ಪಾರ್ಟಿಕ್ ಆಮ್ಲ – ಲೈಸಿನ್

ಎಂಟು ಜಾಗಗಳಲ್ಲಿ ನಾಲ್ಕು ಕಡೆ ಅದೇ ಮಣಿ ಇದೆ. ಥ್ರಿಯೋನಿನ್ ಮತ್ತು ಸೆರಿನ್ ಸ್ವಭಾವದಲ್ಲಿ ಹತ್ತಿರದವು. ಗ್ಲುಟಾಮಿಕ್ ಮತ್ತು ಆಸ್ಪಾರ್ಟಿಕ್ ಆಮ್ಲಗಳೂ ಹಾಗೆಯೇ. ಬೀಟಾದ ಎರಡನೆಯ ಮಣಿಗೆ ಎದುರಾಗಿ ಆಲ್ಫಾದಲ್ಲಿ ಏನೂ ಇಲ್ಲ. ಎರಡು ಸರಗಳೂ ಒಂದೇ ಪೂರ್ವಜನಿಂದ ಬಂದವು ಎಂಬುದಕ್ಕೆ ಇದು ಸಾಕ್ಷಿ.

ಇಷ್ಟು ಚಿಕ್ಕದನ್ನು ಕೈಯಲ್ಲೇ ಜೋಡಿಸಬಹುದು. ಪೂರ್ತಿ ಸರಗಳನ್ನು ಜೋಡಿಸುವುದು ಸುಲಭವಲ್ಲ, ಏಕೆಂದರೆ ಖಾಲಿ ಜಾಗಗಳನ್ನು ಎಲ್ಲೆಲ್ಲಿ ಬೇಕಾದರೂ ಬಿಡಬಹುದು, ಆ ಸಾಧ್ಯತೆಗಳಿಗೆ ಲೆಕ್ಕವೇ ಇಲ್ಲ. 1970ರಲ್ಲಿ ಸಾಲ್ ನೀಡಲ್‌ಮನ್ ಮತ್ತು ಕ್ರಿಶ್ಚಿಯನ್ ವುನ್ಷ್ ಇದಕ್ಕೊಂದು ಉಪಾಯ ಕಂಡುಹಿಡಿದರು. ಗ್ರಾಫ್ ಹಾಳೆಯಂತೆ ಚೌಕಗಳನ್ನು ಹಾಕಿ, ಅಡ್ಡಕ್ಕೆ ಒಂದು ಸರವನ್ನೂ ಉದ್ದಕ್ಕೆ ಇನ್ನೊಂದನ್ನೂ ಬರೆಯಬೇಕು. ಪ್ರತಿ ಚೌಕದ ಅಂಕವನ್ನು ಅದರ ಎಡಕ್ಕೆ, ಮೇಲಕ್ಕೆ ಮತ್ತು ಮೂಲೆಗಿರುವ ಮೂರೇ ಚೌಕಗಳನ್ನು ನೋಡಿ ತುಂಬಬೇಕು. ಆಲ್ಫಾ, ಬೀಟಾಗಳಿಗೆ 141 ಗುಣಿಸು 146, ಅಂದರೆ 20,586 ಚೌಕಗಳು ಸಾಕು. ಅಸಂಖ್ಯ ಸಾಧ್ಯತೆಗಳಲ್ಲಿ ಅತ್ಯುತ್ತಮವಾದುದು ಈ ಕೋಷ್ಟಕದಿಂದಲೇ ಸಿಗುತ್ತದೆ. ಸಾಮಾನ್ಯ ಗಣಕಯಂತ್ರಕ್ಕೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ.

ಎಲ್ಲ ಬದಲಾವಣೆಗಳೂ ಒಂದೇ ಅಲ್ಲ

ಕನ್ನಡ ಮತ್ತು ತಮಿಳನ್ನು ಹೋಲಿಸುವಾಗ 'ಪ' ಇದ್ದಲ್ಲಿ 'ಹ' ಬಂದರೆ ನಮಗೆ ಆಶ್ಚರ್ಯವಿಲ್ಲ. ಪಾಲ್–ಹಾಲು, ಪತ್ತು–ಹತ್ತು ಹೀಗೆ ಬೇಕಾದಷ್ಟು ಉದಾಹರಣೆಗಳಿವೆ. ತಮಿಳಿನ 'ವ' ಇದ್ದಲ್ಲಿ ಕನ್ನಡದಲ್ಲಿ 'ಬ' ಬರುವುದೂ ಸಾಮಾನ್ಯ: ವಾಯ್–ಬಾಯಿ, ವಾಳೈ–ಬಾಳೆ. ಆದರೆ 'ಪ' ಇದ್ದಲ್ಲಿ 'ಣ' ಬಂದರೆ ಅನುಮಾನ ಪಡಬೇಕು.

ಅಮೈನೋ ಆಮ್ಲಗಳಲ್ಲಿಯೂ ಕೆಲವು ಅದಲುಬದಲು ಸಲೀಸು, ಕೆಲವು ಅಪರೂಪ. ಲ್ಯೂಸಿನ್ ಬದಲು ಐಸೊಲ್ಯೂಸಿನ್ ಬಂದರೆ ಹೆಚ್ಚೇನೂ ಕೆಡುವುದಿಲ್ಲ, ಎರಡೂ ಎಣ್ಣೆಯ ಸ್ವಭಾವದವು, ನೀರಿನಿಂದ ದೂರ ಉಳಿಯುವಂಥವು. ಆದರೆ ದೊಡ್ಡ ಗಾತ್ರದ ಟ್ರಿಪ್ಟೋಫ್ಯಾನ್ ಜಾಗಕ್ಕೆ ಬೇರೊಂದು ಬಂದು ಕೂರುವುದು ಅಪರೂಪ. ಇದನ್ನು ಅಂದಾಜಿನಿಂದ ಹೇಳದೆ ಎಣಿಸಿ ತೋರಿಸಿದವರು ಡೇಹಾಫ್ ಅವರೇ. ಅವರ ತಂಡ ಹತ್ತಿರದ ಸಂಬಂಧವುಳ್ಳ ಪ್ರೋಟೀನುಗಳ 71 ಗುಂಪುಗಳಲ್ಲಿ 1,572 ಬದಲಾವಣೆಗಳನ್ನು ಎಣಿಸಿ, ಯಾವ ಮಣಿ ಯಾವುದಕ್ಕೆ ಎಷ್ಟು ಸಲ ಬದಲಾಗಿದೆ ಎಂಬ ಅಂಕಪಟ್ಟಿಯನ್ನು 1978ರಲ್ಲಿ ಪ್ರಕಟಿಸಿತು. ಎರಡು ಸರಗಳನ್ನು ಹೋಲಿಸುವಾಗ ಗಣಕಯಂತ್ರ ಅಂಕ ಕೊಡುವುದು ಇಂಥ ಪಟ್ಟಿಯನ್ನು ನೋಡಿಯೇ.

ಆಕಸ್ಮಿಕ ಹೋಲಿಕೆಯ ಬಲೆ

ಇಲ್ಲಿ ಒಂದು ಎಚ್ಚರಿಕೆ ಬೇಕು. ಮಲಯಾಳದಲ್ಲಿ ಪೇರ್ ಎಂದರೆ ಹೆಸರು. ತುಳುವಿನಲ್ಲಿ ಪೇರ್ ಎಂದರೆ ಹಾಲು! ಉಚ್ಚಾರ ಬಹುತೇಕ ಒಂದೇ ಆದರೂ ಎರಡೂ ಬೇರೆ ಬೇರೆ ಮನೆಯ ಪದಗಳು. ಪದ ಚಿಕ್ಕದಾದಷ್ಟೂ, ನಾವು ಹುಡುಕುವ ನಿಘಂಟು ದೊಡ್ಡದಾದಷ್ಟೂ ಇಂಥ ಆಕಸ್ಮಿಕ ಹೋಲಿಕೆಗಳು ಹೆಚ್ಚು.

ಆದ್ದರಿಂದ "ಎಷ್ಟು ಹೋಲುತ್ತದೆ" ಎಂಬ ಪ್ರಶ್ನೆಯೊಂದೇ ಸಾಲದು. "ಇಷ್ಟು ದೊಡ್ಡ ಸಂಗ್ರಹದಲ್ಲಿ ಬರೀ ಅದೃಷ್ಟದಿಂದ ಇಷ್ಟು ಹೋಲಿಕೆ ಎಷ್ಟು ಸಲ ಸಿಗಬಹುದು" ಎಂದು ಕೇಳಬೇಕು. ಆ ಸಂಖ್ಯೆ ಹತ್ತೋ ಇಪ್ಪತ್ತೋ ಆದರೆ ಹೋಲಿಕೆಗೆ ಬೆಲೆಯಿಲ್ಲ. ಅದು ಸೊನ್ನೆಗೆ ತೀರಾ ಹತ್ತಿರವಾಗಿದ್ದರೆ ನಿಜವಾದ ನೆಂಟಸ್ತಿಕೆ ಎನ್ನಬಹುದು. 1990ರಲ್ಲಿ ಬಂದ ಬ್ಲಾಸ್ಟ್ ಎಂಬ ತಂತ್ರಾಂಶ ದೊಡ್ಡ ಸಂಗ್ರಹವನ್ನು ಬೇಗ ಜಾಲಾಡಿ, ಸಿಕ್ಕಿದ ಪ್ರತಿ ಹೋಲಿಕೆಯ ಪಕ್ಕದಲ್ಲಿ ಇಂಥ ಸಂಖ್ಯೆಯನ್ನೂ ಬರೆದುಕೊಡುತ್ತದೆ.

ಇದರ ವಿರುದ್ಧವೂ ಉಂಟು. ಹಿಂದಿಯಲ್ಲಿ ಬಾಘ್, ಮರಾಠಿಯಲ್ಲಿ ವಾಘ್, ಕೊಂಕಣಿಯಲ್ಲಿ ವಾಗ್. ಇವು ಒಂದು ಮನೆತನ. ಇವುಗಳಿಗೂ ನಮ್ಮ ಹುಲಿಗೂ ಅರ್ಥ ಒಂದೇ, ಆದರೆ ನೆಂಟಸ್ತಿಕೆ ಇಲ್ಲ. ಪ್ರೋಟೀನುಗಳಲ್ಲಿ ನಮ್ಮ ಹೊಟ್ಟೆಯ ಟ್ರಿಪ್ಸಿನ್ ಮತ್ತು ಬ್ಯಾಕ್ಟೀರಿಯಾದಿಂದ ಬರುವ, ಬಟ್ಟೆ ಒಗೆಯುವ ಪುಡಿಯಲ್ಲಿ ಬಳಸುವ ಸಬ್‌ಟಿಲಿಸಿನ್ ಹೀಗಿವೆ. ಎರಡೂ ಪ್ರೋಟೀನುಗಳನ್ನು ಕತ್ತರಿಸುತ್ತವೆ, ಕತ್ತರಿಸುವ ಮೂರು ಮುಖ್ಯ ಮಣಿಗಳೂ ಅವೇ. ಆದರೆ ಅವುಗಳ ಆಕಾರ ಬೇರೆ, ಮನೆತನ ಬೇರೆ. ಕೆಲಸ ಒಂದೇ ಎಂದ ಮಾತ್ರಕ್ಕೆ ಬಂಧುಗಳೆನ್ನಲಾಗದು.

ಮನೆತನದ ಚಿತ್ರ ಬರೆಯುವುದು ಹೇಗೆ?

ಎರಡೆರಡನ್ನು ಹೋಲಿಸುವುದಕ್ಕಿಂತ ಇಡೀ ಮನೆತನವನ್ನೇ ಎದುರಿಗಿಟ್ಟುಕೊಂಡು ಹೋಲಿಸಿದರೆ ದೂರದ ನೆಂಟರೂ ಸಿಗುತ್ತಾರೆ. ಹೇಗೆಂದು ಹುಲಿಯಿಂದಲೇ ತಿಳಿಯೋಣ.

ಕನ್ನಡ, ಹಳಗನ್ನಡ, ತಮಿಳು, ಮಲಯಾಳ, ತೆಲುಗು, ತುಳು ಎಂಬ ಆರು ಸಾಲುಗಳನ್ನು ಬರೆದುಕೊಳ್ಳಿ. ಮೊದಲ ವ್ಯಂಜನ ಐದು ಕಡೆ 'ಪ', ಒಂದು ಕಡೆ 'ಹ'. ಮೊದಲ ಸ್ವರ ಐದು ಕಡೆ 'ಉ', ಒಂದು ಕಡೆ 'ಇ'. ಎರಡನೆಯ ವ್ಯಂಜನ ಆರಕ್ಕೆ ಆರೂ 'ಲ'. ಕೊನೆಯ ಸ್ವರ ಆರಕ್ಕೆ ಆರೂ 'ಇ'. ಈ ಎಣಿಕೆಯ ಪಟ್ಟಿಗೆ ಪ್ರೊಫೈಲ್ ಎನ್ನುತ್ತಾರೆ. ಇದು ಯಾವೊಂದು ಭಾಷೆಯ ಪದವೂ ಅಲ್ಲ, ಇಡೀ ಮನೆತನದ ಮುಖಚಹರೆ. ಹೊಸ ಪದ ಬಂದಾಗ ಅದರ ಒಂದೊಂದು ಅಕ್ಷರಕ್ಕೂ ಈ ಪಟ್ಟಿಯಿಂದ ಅಂಕ ಕೊಟ್ಟು ಗುಣಿಸುತ್ತೇವೆ. ಪುಲಿಗೆ ಆರರಲ್ಲಿ ಐದು ಗುಣಿಸು ಆರರಲ್ಲಿ ಐದು, ಅಂದರೆ 36ರಲ್ಲಿ 25 ಪಾಲು. 'ಹಿಲಿ' ಎಂಬ ಪದಕ್ಕೆ 36ರಲ್ಲಿ ಒಂದೇ ಪಾಲು.

ಆದರೆ ತುಳು ನಮಗೆ ಗೊತ್ತಿರಲಿಲ್ಲ ಎಂದುಕೊಳ್ಳಿ. ಆಗ ಮೊದಲ ಸ್ವರ ಎಲ್ಲ ಕಡೆಯೂ 'ಉ' ಆಗಿರುತ್ತದೆ, 'ಇ' ಇರುವ ಪಿಲಿಗೆ ಸೊನ್ನೆ ಬೀಳುತ್ತದೆ. ಮನೆಮಗಳನ್ನೇ ಬಾಗಿಲಲ್ಲಿ ನಿಲ್ಲಿಸಿದಂತಾಯಿತು! ನಾವು ಕಂಡಿಲ್ಲ ಎಂದ ಮಾತ್ರಕ್ಕೆ ಇಲ್ಲವೇ ಇಲ್ಲ ಎನ್ನಲಾಗದು. ಅದಕ್ಕಾಗಿ ಇದುವರೆಗೆ ಕಾಣದ ಅಕ್ಷರಗಳಿಗೂ ಸ್ವಲ್ಪ ಅಂಕವನ್ನು ಮೊದಲೇ ತೆಗೆದಿಡುತ್ತಾರೆ. ಯಾವುದಕ್ಕೆ ಎಷ್ಟು ಎಂಬುದನ್ನು ಡೇಹಾಫ್ ಅವರದರಂಥ ಪಟ್ಟಿಗಳು ಹೇಳುತ್ತವೆ.

ಇನ್ನು ಖಾಲಿ ಜಾಗಗಳಿಗೂ ಲೆಕ್ಕ ಬೇಕಲ್ಲವೇ? ಹೆಸರು, ಪೆಯರ್, ಪೇರ್ ಸಾಲಿನಲ್ಲಿ ನಡುವಿನ ಅಕ್ಷರ ಬಿಟ್ಟುಹೋಗಬಹುದು, ಕೊನೆಯ 'ರ' ಬಿಟ್ಟುಹೋಗಲಾರದು. ಇಂಥ ತಿಳಿವಳಿಕೆಯನ್ನು ಅಳವಡಿಸಲು ಹಿಡನ್ ಮಾರ್ಕೊವ್ ಮಾದರಿ ಎಂಬ ಗಣಿತ ಬಳಕೆಗೆ ಬಂತು. ಆಂದ್ರೇ ಮಾರ್ಕೊವ್ ರಷ್ಯಾದ ಗಣಿತಜ್ಞ. ಅವರು 1913ರಲ್ಲಿ ಪುಷ್ಕಿನ್ ಕವಿಯ 'ಯೆವ್ಗೆನಿ ಒನೆಗಿನ್' ಕಾವ್ಯದ ಮೊದಲ 20,000 ಅಕ್ಷರಗಳನ್ನು ಹಿಡಿದು, ಸ್ವರದ ನಂತರ ವ್ಯಂಜನ ಎಷ್ಟು ಸಲ, ಸ್ವರದ ನಂತರ ಸ್ವರವೇ ಎಷ್ಟು ಸಲ ಎಂದು ಕೈಯಲ್ಲೇ ಎಣಿಸಿದ್ದರು. ಕಾವ್ಯದ ಅಕ್ಷರ ಎಣಿಸಿದ ಆ ಗಣಿತ 1990ರ ದಶಕದಲ್ಲಿ ಪ್ರೋಟೀನುಗಳಿಗೆ ಬಂತು. ಈ ಮಾದರಿಯಲ್ಲಿ ಪ್ರತಿ ಜಾಗದಲ್ಲೂ ಮೂರು ದಾರಿಗಳಿರುತ್ತವೆ: ಮನೆತನದ ಅಕ್ಷರವನ್ನು ಬರೆಯುವುದು, ಹೊಸದೊಂದನ್ನು ನಡುವೆ ಸೇರಿಸುವುದು, ಅಥವಾ ಜಾಗವನ್ನು ಬಿಟ್ಟು ಮುಂದೆ ಹೋಗುವುದು. ಯಾವ ದಾರಿ ಎಲ್ಲಿ ಎಷ್ಟು ಸಾಧ್ಯ ಎಂಬುದನ್ನು ಗಣಕಯಂತ್ರ ಆ ಮನೆತನದ ಸದಸ್ಯರಿಂದಲೇ ಕಲಿಯುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಅಕ್ಷರಗಳು ಮಾತ್ರ, ಹಿಡಿದ ದಾರಿ ಮರೆಯಲ್ಲಿರುತ್ತದೆ. ಹೆಸರಿನಲ್ಲಿರುವ ಹಿಡನ್ ಎಂಬ ಮಾತಿಗೆ ಅದೇ ಅರ್ಥ.

ಇಂಥ ಮಾದರಿಗಳ ಭಂಡಾರವೇ ಪಿಫ್ಯಾಮ್. ಪ್ರೋಟೀನ್ ಮತ್ತು ಫ್ಯಾಮಿಲಿ ಎಂಬ ಪದಗಳನ್ನು ಸೇರಿಸಿ ಆ ಹೆಸರಿಟ್ಟಿದ್ದಾರೆ. 1997ರಲ್ಲಿ ಅದರ ಬಗ್ಗೆ ಮೊದಲ ಲೇಖನ ಬಂದಾಗ ಅದರಲ್ಲಿ 175 ಮನೆತನಗಳಿದ್ದವು. ಈಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ಇವೆ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ತಿಮಿಂಗಿಲ, ಮನುಷ್ಯ ಮತ್ತು ಕಡಲೆ ಗಿಡ

ಮನೆತನ ಎಷ್ಟು ದೂರ ಹರಡಬಹುದು ಎಂಬುದಕ್ಕೆ ಗ್ಲೋಬಿನ್‌ಗಳನ್ನೇ ನೋಡಿ. ನಮ್ಮ ರಕ್ತದ ಹಿಮೋಗ್ಲೋಬಿನ್ ಈ ಮನೆತನದ್ದು. ಸ್ನಾಯುಗಳಲ್ಲಿ ಆಮ್ಲಜನಕ ಕೂಡಿಡುವ ಮಯೋಗ್ಲೋಬಿನ್ ಕೂಡ ಇದೇ ಮನೆತನದ್ದು. ಜಾನ್ ಕೆಂಡ್ರೂ ತಿಮಿಂಗಿಲದ ಮಯೋಗ್ಲೋಬಿನ್‌ನ ಆಕಾರವನ್ನೂ, ಮ್ಯಾಕ್ಸ್ ಪೆರುಟ್ಜ್ ಹಿಮೋಗ್ಲೋಬಿನ್‌ನ ಆಕಾರವನ್ನೂ ಕಂಡುಹಿಡಿದು 1962ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಮಣಿಗಳಲ್ಲಿ ಸುಮಾರು ಕಾಲುಭಾಗ ಮಾತ್ರ ಒಂದೇ ಆಗಿದ್ದರೂ ಎರಡರ ಮಡಿಕೆ ಒಂದೇ ತೆರನಾಗಿತ್ತು.

ಅಷ್ಟೇ ಅಲ್ಲ. ಕಡಲೆ, ಅವರೆ, ಹೆಸರುಕಾಳಿನ ಗಿಡ ಕಿತ್ತರೆ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಆರೋಗ್ಯವಾದ ಗಂಟನ್ನು ಹಿಸುಕಿದರೆ ಒಳಗೆ ತಿಳಿಗೆಂಪು ಬಣ್ಣ. ಅದು ಲೆಗ್‌ಹಿಮೋಗ್ಲೋಬಿನ್. ಗಿಡದಲ್ಲಿರುವ ನಮ್ಮ ಹಿಮೋಗ್ಲೋಬಿನ್‌ನ ನೆಂಟ! ಮನುಷ್ಯ, ತಿಮಿಂಗಿಲ, ಕಡಲೆ ಗಿಡ – ಈ ಮೂರರ ಸರಗಳನ್ನು ಜೋಡಿಸಿದರೆ ಹೆಚ್ಚಿನ ಜಾಗಗಳಲ್ಲಿ ಮಣಿಗಳು ಬದಲಾಗಿವೆ. ಆದರೆ ಕಬ್ಬಿಣವನ್ನು ಹಿಡಿದುಕೊಳ್ಳುವ ಒಂದು ಹಿಸ್ಟಿಡಿನ್ ಮಾತ್ರ ಕದಲಿಲ್ಲ. ಹುಲಿ-ಪುಲಿ-ಪಿಲಿಯಲ್ಲಿ ಉಳಿದ 'ಲಿ'ಯ ಹಾಗೆ. ಕೋಟ್ಯಂತರ ವರ್ಷಗಳಲ್ಲಿ ಬದಲಾಗದೆ ಉಳಿದದ್ದು ಬಹುಶಃ ಬಿಟ್ಟುಕೊಡಲಾಗದ್ದು ಎಂಬುದೇ ಮನೆತನದ ಮಾದರಿಗಳು ಕಲಿಸುವ ದೊಡ್ಡ ಪಾಠ.

ಈ ಬಗೆಯ ಹೋಲಿಕೆಯಿಂದ ವೈದ್ಯಕ್ಕೆ ಆದ ಲಾಭಕ್ಕೆ ಒಂದೇ ಉದಾಹರಣೆ ಸಾಕು. ಕ್ಯಾಲಿಫೋರ್ನಿಯಾದ ರಸೆಲ್ ಡೂಲಿಟಲ್ ಪ್ರಕಟವಾದ ಸರಗಳನ್ನೆಲ್ಲ ಗಣಕಯಂತ್ರದಲ್ಲಿ ಸಂಗ್ರಹಿಸಿಟ್ಟಿದ್ದರು. ಮಂಗಗಳಲ್ಲಿ ಕ್ಯಾನ್ಸರ್ ತರುವ ಒಂದು ವೈರಸ್ಸಿನ ಪ್ರೋಟೀನು, ಗಾಯ ಮಾಯಲು ನೆರವಾಗುವ ನಮ್ಮದೇ ರಕ್ತದ ಒಂದು ಬೆಳವಣಿಗೆಯ ಪ್ರೋಟೀನನ್ನು ಹೋಲುತ್ತದೆ ಎಂದು 1983ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ತೋರಿಸಿದರು. 'ಬೆಳೆ' ಎಂಬ ಆಜ್ಞೆ ನಿಲ್ಲದೆ ಬರುತ್ತಿದ್ದರೆ ಅದೇ ಕ್ಯಾನ್ಸರಿಗೆ ದಾರಿ ಎಂಬ ತಿಳಿವಳಿಕೆಗೆ ಈ ಹೋಲಿಕೆ ದೊಡ್ಡ ಆಧಾರವಾಯಿತು.

ಸರದಿಂದ ಆಕಾರಕ್ಕೆ

ಮಣಿಸರ ಹಾಗೇ ಉದ್ದಕ್ಕೆ ಬಿದ್ದಿರುವುದಿಲ್ಲ. ಅದು ಮಡಿಚಿಕೊಂಡು ತನ್ನದೇ ಆಕಾರ ಪಡೆಯುತ್ತದೆ. ಆ ಮಡಿಕೆಗೆ ಏನೇನು ಮಿತಿಗಳಿವೆ ಎಂದು ಲೆಕ್ಕ ಹಾಕಿ ತೋರಿಸಿದವರು ನಮ್ಮವರೇ ಆದ ಜಿ.ಎನ್. ರಾಮಚಂದ್ರನ್. 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಂದಿಗೆ ಅವರು ಪ್ರಕಟಿಸಿದ ನಕ್ಷೆಗೆ ಜಗತ್ತೇ ರಾಮಚಂದ್ರನ್ ನಕ್ಷೆ ಎನ್ನುತ್ತದೆ. ಯಾವ ಪ್ರೋಟೀನಿನ ಆಕಾರ ಕಂಡುಹಿಡಿದರೂ ಅದು ಸರಿಯಿದೆಯೇ ಎಂದು ಇಂದಿಗೂ ಈ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿನ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಆ ವಿಭಾಗದಲ್ಲೂ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲೂ ಪ್ರೋಟೀನು ಮನೆತನಗಳ ಸಂಶೋಧನೆ ನಡೆದಿದೆ.

ಸರವನ್ನು ಮಾತ್ರ ನೋಡಿ ಆಕಾರ ಹೇಳುವುದು ಐವತ್ತು ವರ್ಷಗಳ ಒಗಟಾಗಿತ್ತು. 1994ರಿಂದ ಎರಡು ವರ್ಷಕ್ಕೊಮ್ಮೆ ಇದಕ್ಕಾಗಿಯೇ ಸ್ಪರ್ಧೆ ನಡೆಯುತ್ತಿದೆ. 2020ರ ಸ್ಪರ್ಧೆಯಲ್ಲಿ ಆಲ್ಫಾಫೋಲ್ಡ್ ಎಂಬ ತಂತ್ರಾಂಶ ಹಲವು ಪ್ರೋಟೀನುಗಳಿಗೆ ಪ್ರಯೋಗಶಾಲೆಯ ಉತ್ತರಕ್ಕೆ ಸರಿಸಮನಾದ ಉತ್ತರ ಕೊಟ್ಟಿತು. ಅದರ ಗುಟ್ಟಿನ ದೊಡ್ಡ ಭಾಗ ಮನೆತನದ ಜೋಡಣೆಯಲ್ಲೇ ಇದೆ. ಸಾವಿರಾರು ನೆಂಟರ ಸರಗಳಲ್ಲಿ ಒಂದು ಜಾಗದ ಮಣಿ ಬದಲಾದಾಗಲೆಲ್ಲ ಇನ್ನೊಂದು ದೂರದ ಜಾಗದ ಮಣಿಯೂ ಜೊತೆಗೇ ಬದಲಾಗಿದ್ದರೆ, ಮಡಿಚಿದ ಆಕಾರದಲ್ಲಿ ಅವೆರಡೂ ಅಕ್ಕಪಕ್ಕ ಇರುವ ಸಾಧ್ಯತೆ ಹೆಚ್ಚು. ಬೀಗ ಬದಲಾದರೆ ಕೀಲಿಕೈಯೂ ಬದಲಾಗಬೇಕಲ್ಲವೇ, ಹಾಗೆ. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹೆಯ ಆಕಾರಗಳು ಎಲ್ಲರಿಗೂ ಉಚಿತವಾಗಿ ಸಿಗುವಂತಾದವು. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಇದನ್ನು ಸಾಧಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೂ, ಇನ್ನರ್ಧ ಹೊಸ ಪ್ರೋಟೀನುಗಳನ್ನೇ ವಿನ್ಯಾಸ ಮಾಡುವ ಡೇವಿಡ್ ಬೇಕರ್ ಅವರಿಗೂ ಸಂದಿತು.

ಹುಲಿ ಹೋಗಿ ಹುಳಿಯಾದಾಗ

ಇಷ್ಟಾದರೂ ಮಾದರಿ ಹೇಳದ ಮಾತೊಂದಿದೆ, ಪೋಷಕರು ಇದನ್ನು ಗಮನವಿಟ್ಟು ಓದಬೇಕು. ಹುಲಿ ಎಂಬುದರಲ್ಲಿ 'ಲ' ಹೋಗಿ 'ಳ' ಬಂದರೆ ಹುಳಿ. ಒಂದೇ ಅಕ್ಷರ, ಕಾಡಿನಿಂದ ಅಡುಗೆಮನೆಗೆ ಬಂದೆವು! ಮೇಲೆ ಬರೆದ ಬೀಟಾ ಸರದ ಆರನೆಯ ಜಾಗವನ್ನು ಮತ್ತೊಮ್ಮೆ ನೋಡಿ. ಅಲ್ಲಿ ಗ್ಲುಟಾಮಿಕ್ ಆಮ್ಲವಿದೆ. ಅದರ ಬದಲು ವ್ಯಾಲಿನ್ ಬಂದರೆ ಸಿಕಲ್ ಸೆಲ್ ಎಂಬ ರೋಗಕ್ಕೆ ಕಾರಣವಾಗುತ್ತದೆ. 146 ಮಣಿಗಳಲ್ಲಿ ಒಂದೇ ಒಂದು! ಇದನ್ನು 1950ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ವೆರ್ನನ್ ಇನ್‌ಗ್ರಾಮ್ ತೋರಿಸಿಕೊಟ್ಟರು. ಎಣ್ಣೆಯ ಸ್ವಭಾವದ ವ್ಯಾಲಿನ್‌ನಿಂದಾಗಿ, ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತವೆ. ಆಗ ದುಂಡಗಿನ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ನೋವು ತರುತ್ತದೆ.

ಇದೇ ಜಾಗದಲ್ಲಿ ಆಲ್ಫಾ ಸರದಲ್ಲಿರುವುದು ಅಲನಿನ್. ಅಂದರೆ ಮನೆತನದ ಚಿತ್ರ ಮಾತ್ರ ನೋಡಿದರೆ ಇದು ಬದಲಾವಣೆಯನ್ನು ಸಹಿಸುವ ಜಾಗದಂತೆ ಕಾಣುತ್ತದೆ. ಒಂದು ಸರದ ಮಡಿಕೆಯಲ್ಲೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ತೊಂದರೆ ಇರುವುದು ಅಣುಗಳು ಪರಸ್ಪರ ಅಂಟಿಕೊಳ್ಳುವುದರಲ್ಲಿ. ಆದ್ದರಿಂದ ಗಣಕಯಂತ್ರ ತೋರಿಸುವುದು ಎಲ್ಲಿ ಹುಡುಕಬೇಕೆಂಬ ದಾರಿಯನ್ನು. ಕೊನೆಯ ಮಾತು ಪ್ರಯೋಗಶಾಲೆಯದು, ರಕ್ತಪರೀಕ್ಷೆಯದು.

ಈ ರೋಗ ನಮಗೆ ದೂರದ್ದಲ್ಲ. ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯ, ಬಹರೈನ್, ಒಮಾನ್‌ಗಳಲ್ಲಿ ಇದು ಗಣನೀಯವಾಗಿದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ. ಕರ್ನಾಟಕದಲ್ಲಿ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಬುಡಕಟ್ಟು ಜನರಲ್ಲಿ ಕಂಡುಬಂದಿದೆ. ಈ ಬದಲಾವಣೆಯ ಸುತ್ತಲಿನ ವಂಶವಾಹಿ ಗುರುತುಗಳನ್ನು ಹೋಲಿಸಿದಾಗ ಪೂರ್ವ ಅರೇಬಿಯಾದಲ್ಲೂ ಭಾರತದಲ್ಲೂ ಒಂದೇ ಮಾದರಿ ಕಂಡಿತು. ಅದಕ್ಕೆ ಅರಬ್-ಇಂಡಿಯನ್ ಎಂದೇ ಹೆಸರಿಟ್ಟಿದ್ದಾರೆ. ಭಾರತ ಸರಕಾರ 2023ರಲ್ಲಿ ಇದರ ನಿರ್ಮೂಲನೆಗಾಗಿ ರಾಷ್ಟ್ರೀಯ ಅಭಿಯಾನ ಆರಂಭಿಸಿದೆ.

ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ಬದಲಾವಣೆ ಬಂದವರನ್ನು ವಾಹಕರು ಎನ್ನುತ್ತಾರೆ. ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಮಲೇರಿಯಾ ತೀವ್ರವಾಗದಂತೆ ಅವರಿಗೆ ಸ್ವಲ್ಪ ರಕ್ಷಣೆಯೂ ಉಂಟು. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದರೆ ಉಳಿದ ಮೂವರಿಗೆ ಬರುವುದಿಲ್ಲ ಎಂದು ತಿಳಿಯುವುದು ತಪ್ಪು. ಪ್ರತಿ ಸಲವೂ ಲೆಕ್ಕ ಹೊಸದಾಗಿಯೇ ಆರಂಭವಾಗುತ್ತದೆ. ಹಿಮೋಗ್ಲೋಬಿನ್‌ನ ಬಗೆಯನ್ನು ತಿಳಿಸುವ ಸರಳ ರಕ್ತಪರೀಕ್ಷೆಯಿಂದ ಯಾರು ವಾಹಕರೆಂದು ಗೊತ್ತಾಗುತ್ತದೆ. ಬಂಧುಬಳಗದಲ್ಲಿ ಈ ರೋಗವಿದ್ದರೆ ಮದುವೆಗೆ ಮುಂಚೆಯೇ ಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಇದರಲ್ಲಿ ನಾಚಿಕೆಪಡುವಂಥದ್ದಾಗಲಿ, ಯಾರನ್ನಾದರೂ ದೂರುವಂಥದ್ದಾಗಲಿ ಏನೂ ಇಲ್ಲ.

ವಿದ್ಯಾರ್ಥಿ ಮಿತ್ರರಿಗೆ

ಹತ್ತನೆಯ ತರಗತಿ ಮುಗಿಯುತ್ತಿದ್ದಂತೆ ಜೀವಶಾಸ್ತ್ರವೋ, ಗಣಿತವೋ, ಕಂಪ್ಯೂಟರೋ ಎಂಬ ಚರ್ಚೆ ಎಲ್ಲ ಮನೆಗಳಲ್ಲೂ ನಡೆಯುತ್ತದೆ. ಈ ಮೂರೂ ಬೇಕಾಗುವ ಕ್ಷೇತ್ರಗಳಿವೆ ಎಂಬುದಕ್ಕೆ ಮೇಲಿನ ಕಥೆಯೇ ಸಾಕ್ಷಿ. ಒಂದನ್ನು ಆರಿಸಿಕೊಂಡವರು ಉಳಿದೆರಡನ್ನು ಪೂರ್ತಿ ಕೈಬಿಡಬೇಕಾಗಿಲ್ಲ.

ರಜೆಯಲ್ಲಿ ಒಂದು ಕೆಲಸ ಮಾಡಿ ನೋಡಿ. ನಿಮ್ಮ ತರಗತಿಯಲ್ಲಿ ಎಷ್ಟು ಭಾಷೆಗಳಿವೆಯೋ ಅಷ್ಟರಲ್ಲೂ ಹಾಲು, ಹತ್ತು, ಬಾಯಿ, ಬಾಳೆ ಎಂಬ ಪದಗಳನ್ನು ಗೆಳೆಯರಿಂದ ಕೇಳಿ ಬರೆದುಕೊಳ್ಳಿ. ಒಂದರ ಕೆಳಗೊಂದು ಜೋಡಿಸಿ, ಬೇಕಾದಲ್ಲಿ ಖಾಲಿ ಜಾಗ ಬಿಡಿ. ಪ್ರತಿ ಜಾಗದಲ್ಲೂ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸಿ ಪಟ್ಟಿ ಮಾಡಿ. ಯಾವ ಪದ ಬೇರೆ ಮನೆತನದ್ದು, ಯಾವ ಹೋಲಿಕೆ ಆಕಸ್ಮಿಕ ಎಂದು ಮನೆಯ ಹಿರಿಯರೊಂದಿಗೆ ಚರ್ಚಿಸಿ. ಅಜ್ಜಿ ಆಡುವ ಮಾತಿನಲ್ಲಿ ನಿಮ್ಮ ಪಟ್ಟಿಯಲ್ಲಿಲ್ಲದ ರೂಪವೊಂದು ಸಿಕ್ಕೀತು. ಆಗ ಅದನ್ನೂ ಸೇರಿಸಿ ಎಣಿಕೆಯನ್ನು ತಿದ್ದಿಕೊಳ್ಳಿ. ಕಂಪ್ಯೂಟರ್ ತರಗತಿಯಲ್ಲಿ ಪ್ರೋಗ್ರಾಂ ಬರೆಯಲು ಕಲಿತವರು ಈ ಎಣಿಕೆಯನ್ನು ಪ್ರೋಗ್ರಾಮಿನಿಂದಲೇ ಮಾಡಿಸಬಹುದು. ಮುಂದೆಂದಾದರೂ ಪಿಫ್ಯಾಮ್‌ನಲ್ಲಿ ಗ್ಲೋಬಿನ್ ಮನೆತನವನ್ನು ತೆರೆದು ನೋಡಿದಾಗ ಅಲ್ಲಿರುವುದೂ ಇಂಥದೇ ಪಟ್ಟಿ ಎಂದು ನಿಮಗೆ ಕೂಡಲೇ ತಿಳಿಯುತ್ತದೆ.